ಬಿದ್ದದ್ದು ಯಾರ ಸರ್ಕಾರ

ನಮ್ಮ ಮನೆಯ ಟಿ.ವಿ. ಒಂದು ಸರ್ಕಾರ ಕೊಟ್ಟದ್ದು, ಮಿಕ್ಸಿ ಅದನ್ನು ಸೋಲಿಸಿ ಬಂದ ಸರ್ಕಾರ ಕೊಟ್ಟದ್ದು. ಎರಡೂ ಚೆನ್ನೈನವರ ಲೆಕ್ಕದಲ್ಲಿ ದಿಂಬಂ ಘಾಟಿ ಹತ್ತಿ ಬಂದವು. ಆದರೆ ಟಿ.ವಿ. ಬಂದ ದಿನದಿಂದ ಅವ್ವ ಅದರಲ್ಲಿ ನೋಡಿದ್ದೆಲ್ಲ ಬೆಂಗಳೂರಿನ ಕನ್ನಡ ವಾರ್ತೆ. ಯಾವ ಶಾಸಕರು ಯಾವ ರೆಸಾರ್ಟ್ ಸೇರಿದರು, ವಿಧಾನಸೌಧದ ಮೆಟ್ಟಿಲ ಮೇಲೆ ಯಾರು ಯಾರಿಗೆ ಮುಖ ತಿರುಗಿಸಿದರು ಎಂಬುದೆಲ್ಲ ತಮಿಳುನಾಡಿನ ಅಂಚಿನ ದೊಡ್ಡಗಾಜನೂರಿನ ಅರಿಶಿನದ ಹೊಲದಲ್ಲಿ ಕೂಲಿಗೆ ಕಳೆ ಕೀಳುವ ನಮ್ಮವ್ವನಿಗೆ ಬಾಯಿಪಾಠ. ತಾನು ಓಟು ಹಾಕುವ ಚೆನ್ನೈ ವಿಧಾನಸಭೆಯಲ್ಲಿ ಏನು ನಡೆಯುತ್ತಿದೆ ಎಂಬುದು ಮಾತ್ರ ಗೊತ್ತಿರಲಿಲ್ಲ. ಸಂತೆಯ ತಮಿಳು ಅವಳಿಗೆ ಚೆನ್ನಾಗಿ ಬರುತ್ತಿತ್ತು, ವಾರ್ತೆಯ ತಮಿಳು ತಲೆಗೆ ಹತ್ತುತ್ತಿರಲಿಲ್ಲ.

ಚೆನ್ನೈ ಸಭೆಯ ಚರಿತ್ರೆ ಮನೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ. ಸರ್ಕಾರಿ ಪರೀಕ್ಷೆಗೆಂದು ತಮಿಳಿನ ಗೈಡು ಉರು ಹೊಡೆದಿದ್ದೆ. ಮದ್ರಾಸಿನ ಹಳೆಯ ಕೌನ್ಸಿಲ್ಲು, ಸ್ವಾತಂತ್ರ್ಯ ಬಂದ ಮೇಲೆ ಸುಮಾರು ಇಪ್ಪತ್ತು ವರ್ಷ ಒಂದೇ ಪಕ್ಷ, ಆಮೇಲೆ ಅದನ್ನು ಕೆಳಗಿಳಿಸಿದ ಇನ್ನೊಂದು, ಆ ಇನ್ನೊಂದು ಒಡೆದು ಹುಟ್ಟಿದ ಮತ್ತೊಂದು, ಅಲ್ಲಿಂದ ದಶಕಗಟ್ಟಲೆ ಇವರಿಬ್ಬರ ಸರದಿ. ನಡುವೆ ರಾಜ್ಯಗಳ ಗಡಿ ಹೊಸದಾಗಿ ಬರೆದಾಗ ಕೊಳ್ಳೇಗಾಲ ಆ ಕಡೆ, ಮೈಸೂರಿಗೆ, ಹೋಯಿತು, ನಾವು ಈ ಕಡೆ ಉಳಿದೆವು. ಗೈಡಿನಲ್ಲಿ ಅದಕ್ಕೆ ಅರ್ಧ ಸಾಲೂ ಇರಲಿಲ್ಲ. ಪರೀಕ್ಷೆ ಪಾಸಾಗಲಿಲ್ಲ, ಓದಿದವಳೆಂಬ ಜಂಬ ಮಾತ್ರ ಗಟ್ಟಿಯಾಗಿ ಉಳಿಯಿತು.

ಆ ಜಂಬವನ್ನೆಲ್ಲ ನಾನು ಅವ್ವನ ಮನುವಿಗೆ ಸುರಿದೆ. ಅರ್ಜಿಗೆ ನಮ್ಮ ಕಡೆ ಮನು ಎಂದೇ ಹೆಸರು. ಅಪ್ಪ ಕಟ್ಟಿದ ಮನೆ ಇದ್ದದ್ದು ಪೊರಂಬೋಕಿನಲ್ಲಿ, ಅಂದರೆ ಸರ್ಕಾರದ ಜಾಗದಲ್ಲಿ. ಅಪ್ಪ ತೀರಿಕೊಂಡ ಮೇಲೆ, ಯಾರಾದರೂ ಬಂದು ಎಬ್ಬಿಸಿಬಿಟ್ಟರೆ ಎಂಬ ಭಯ ಅವ್ವನಿಗೆ ಹತ್ತಿಕೊಂಡಿತು. ಆ ಜಾಗಕ್ಕೆ ತನ್ನ ಹೆಸರಿನಲ್ಲಿ ಒಂದು ಪಟ್ಟಾ, ಅಂದರೆ ಹಕ್ಕುಪತ್ರ ಬೇಕು, ಅವಳ ಆಸೆ ಅಷ್ಟೇ. ನಾನು ಒಳ್ಳೆಯ ತಮಿಳಿನಲ್ಲಿ ಮನು ಬರೆದು ಕೊಟ್ಟೆ. ಚೆನ್ನೈಯಲ್ಲಿ ಸರ್ಕಾರ ಬದಲಾದಾಗಲೆಲ್ಲ ಹಳೆಯ ಮನುವಿಗೆ ಆಫೀಸಿನವರು ಕೊಟ್ಟ ರಶೀದಿ ಹರಿದು ಒಲೆಗೆ ಹಾಕಿ, ಹೊಸ ಮುಖ್ಯಮಂತ್ರಿಯ ಹೆಸರಿಗೆ ಹೊಸದಾಗಿ ಬರೆದೆ. ಹಳಬರ ಹೆಸರಿದ್ದ ಕಾಗದ ಹೊಸಬರಿಗೆ ತೋರಿಸಿದರೆ ಕೆಲಸ ಕೆಡುತ್ತದೆ ಎಂಬುದು ನನ್ನ ತರ್ಕ. ಯಾರೂ ನನಗೆ ಹೇಳಿಕೊಟ್ಟದ್ದಲ್ಲ, ನಾನೇ ಕಂಡುಹಿಡಿದದ್ದು. ಸರ್ಕಾರ ಬಿತ್ತು ಅಂದರೆ ಅದರ ಹಿಂದೆ ಮನುವೂ ಬಿತ್ತು ಎಂದು ಅವ್ವನಿಗೂ ಕಲಿಸಿದೆ.

ಆಮೇಲೆ ನಾನು ಘಾಟಿ ಇಳಿದು, ಸತ್ಯಮಂಗಲದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದೆ. ನಾನು ಅಲ್ಲಿದ್ದಾಗ ಒಮ್ಮೆ ಗ್ರಾಮದ ಅಧಿಕಾರಿ ಮನೆಗೇ ಬಂದು, ಬುಧವಾರ ತಾಳವಾಡಿಯಲ್ಲಿ ಪಟ್ಟಾ ಕೊಡುತ್ತಾರೆ, ರೇಷನ್ ಕಾರ್ಡು ಹಿಡಿದು ಬನ್ನಿ ಎಂದು ಅವ್ವನಿಗೆ ತಿಳಿಸಿದರು. ಫೋನಿನಲ್ಲಿ ಅವ್ವನ ದನಿಯೇ ಬೇರೆಯಾಗಿತ್ತು. ಮಂಗಳವಾರ ಸಂಜೆ ಬೆಂಗಳೂರಿನಲ್ಲಿ ವಿಶ್ವಾಸಮತ ಸೋತು ಸರ್ಕಾರ ಬಿತ್ತು. ಅವ್ವ ಪೂರ್ತಿ ಕೂತು ನೋಡಿದಳು. ಬುಧವಾರ ಬೆಳಿಗ್ಗೆ ಕಳೆಕೊಕ್ಕೆ ತೆಗೆದುಕೊಂಡು ಹೊಲಕ್ಕೆ ಹೋದಳು.

ಪಕ್ಕದ ಮನೆಯ ಚಿಕ್ಕವ್ವ ಜೊತೆಗೆ ಬಾ ಎಂದು ಕರೆದಿದ್ದಳಂತೆ. ಪಾಪ, ಇವಳು ಟಿ.ವಿ. ನೋಡಿಲ್ಲ ಎಂದು ಅವ್ವನೇ ಅವಳನ್ನು ನೋಡಿ ಮರುಗಿದಳಂತೆ. ಚಿಕ್ಕವ್ವ ಮಧ್ಯಾಹ್ನ ತನ್ನ ಪಟ್ಟಾ ಹಿಡಿದುಕೊಂಡು ಬಂದಳು. ಸುದ್ದಿ ಕೇಳಿದಾಗ ನನಗೆ ಮೊದಲು ನಗು ಬಂತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಆ ಕಡೆಯ ಸರ್ಕಾರ ಬಿದ್ದರೆ ಈ ಕಡೆ ಕೆಲಸ ಕೆಡಿಸಿಕೊಂಡವಳು ಲೋಕದಲ್ಲಿ ನಮ್ಮವ್ವ ಒಬ್ಬಳೇ ಇರಬೇಕು ಅನ್ನಿಸಿತು.

ಮಾರನೆಯ ವಾರ ಅವಳನ್ನು ಕರೆದುಕೊಂಡು ತಾಲೂಕು ಆಫೀಸಿಗೆ ಹೋದೆ. ಗುಮಾಸ್ತರು ಸಾಧು ಮನುಷ್ಯ. ರಿಜಿಸ್ಟರಿನ ಹಾಳೆಗಳನ್ನು ಹಿಂದಕ್ಕೆ ತಿರುವುತ್ತಾ ಹೋದರು, ಅಲ್ಲಲ್ಲಿ ಬೆರಳಿಟ್ಟು ನಿಂತರು. ಪ್ರತಿಸಲವೂ ಅವ್ವನ ಹೆಸರು, ಪ್ರತಿಸಲವೂ ಹೊಸ ನಂಬರು. ಮುಖ್ಯಮಂತ್ರಿ ಬದಲಾಗುತ್ತಾರೆ, ಫೈಲಿನ ನಂಬರು ಬದಲಾಗುವುದಿಲ್ಲಮ್ಮ ಎಂದರು. ಹೊಸ ಮನು ಕೊಟ್ಟಾಗಲೆಲ್ಲ ಸಾಲಿನ ಕೊನೆಗೆ ಹೋಗಿ ನಿಂತಿದ್ದೀರಿ, ಮೊದಲನೆಯದನ್ನೇ ಹಿಡಿದುಕೊಂಡಿದ್ದರೆ ಎಂದೋ ಆಗುತ್ತಿತ್ತು, ಈಗಿನದನ್ನಾದರೂ ಬಿಡಬೇಡಿ, ಆ ದಿನ ಬಾರದವರ ಪಟ್ಟಾ ವಾಪಸು ಹೋಯಿತು, ಮುಂದಿನ ಸಲ ಕರೆಯುತ್ತೇವೆ ಎಂದರು. ಅವರು ಹೇಳಿದ್ದು ಸಂತೆಯ ತಮಿಳಿನಲ್ಲಿ. ನಾನು ಅನುವಾದ ಮಾಡಿ, ನಡುವೆ ನನ್ನ ಪಾಲಿನ ತಪ್ಪನ್ನು ಒಂದಿಷ್ಟು ಮರೆಸುವ ಅವಕಾಶವೇ ಇರಲಿಲ್ಲ.

ಹೊರಗೆ ಟೀ ಅಂಗಡಿಯ ಬೆಂಚಿನ ಮೇಲೆ ಕೂತೆವು. ಬೈದರೆ ಬೈಯಲಿ ಎಂದು ಕಾದೆ. ಅವಳು ಲೋಟ ಖಾಲಿ ಮಾಡಿ ಕೆಳಗಿಟ್ಟಳು.

"ನೀ ಓದ್ದೋಳು ಅಂತ ನಂಬ್ಬುಟ್ಟೆ ಕಣವ್ವ" ಅಂದಳು.

ಸಿಟ್ಟಿನಿಂದ ಹೇಳಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಅವಳ ಮನೆಯನ್ನು ಅಷ್ಟು ವರ್ಷ ಕಾಗದದಲ್ಲಿ ಹಿಂದಕ್ಕೆ ತಳ್ಳಿದ್ದು ಈ ಸರ್ಕಾರವೂ ಅಲ್ಲ, ಆ ಸರ್ಕಾರವೂ ಅಲ್ಲ, ನಾನು. ಆ ನಾಚಿಕೆ ಇನ್ನೂ ನನ್ನನ್ನು ಬಿಟ್ಟಿಲ್ಲ.

ಮುಂದಿನ ಕರೆ ಬರಲು ಮತ್ತೊಂದು ಚುನಾವಣೆ ಕಳೆಯಬೇಕಾಯಿತು. ಚೆನ್ನೈಯಲ್ಲಿ ಕುರ್ಚಿ ಕೈ ಬದಲಾಯಿಸಿತು, ಈ ಸಲ ನಾನು ಪೆನ್ನು ಮುಟ್ಟಲಿಲ್ಲ. ಪಟ್ಟಾ ಕೊಡುವ ಹಿಂದಿನ ದಿನ ಟಿ.ವಿ.ಯಲ್ಲಿ ಮತ್ತೆ ಬೆಂಗಳೂರಿನ ಗದ್ದಲ, ಸರ್ಕಾರ ಉಳಿಯುತ್ತದೋ ಇಲ್ಲವೋ ಎಂಬ ಚರ್ಚೆ. ಗಾಬರಿಯಾಗಿ ಅವ್ವನಿಗೆ ಫೋನು ಮಾಡಿ, ಅದು ಆ ಕಡೆಯವರದ್ದು, ನಮ್ಮದಲ್ಲ ಎಂದು ಬಿಡಿಸಿ ಹೇಳತೊಡಗಿದೆ.

"ಯಾರ್ದಾರಾ ಬೀಳ್ಲಿ ಬುಡು. ನಮ್ದೇ ಬಿದ್ರೂವೆ ನಾ ಓಯ್ತೀನಿ" ಎಂದು ಫೋನಿಟ್ಟಳು.

ಮೊದಲ ಬಸ್ಸಿಗೆ ಘಾಟಿ ಹತ್ತಿ ತಾಳವಾಡಿಗೆ ಹೋದೆ. ಅಷ್ಟರಲ್ಲಿ ಅವ್ವ ಶಾಮಿಯಾನದ ಮುಂದಿನ ಸಾಲಿನಲ್ಲಿ, ರಶೀದಿಯನ್ನು ರೇಷನ್ ಕಾರ್ಡಿನೊಳಗಿಟ್ಟುಕೊಂಡು ಕೂತಿದ್ದಳು. ಅಧಿಕಾರಿ ಏನಾದರೂ ಕೇಳಿದರೆ ಇರಲಿ ಎಂದು ನಾನು ಪಕ್ಕದಲ್ಲೇ ನಿಂತೆ. ತಮಿಳಿನಲ್ಲಿ ಅವಳ ಹೆಸರು ಕೂಗಿದರು. ಅವ್ವ ನನ್ನ ಕಡೆ ನೋಡದೆ ಎದ್ದು ಹೋದಳು.