ಒದ್ದೆ ತಲೆಯ ಗೆಳತಿ

ನಮ್ಮ ಯಜಮಾನರನ್ನು ಮಣ್ಣು ಮಾಡಿದ ದಿನ ಮನೆಯೊಳಗಿದ್ದವರು ಬೆರಳೆಣಿಕೆಯಷ್ಟು ಜನ. ಚಿಕ್ಕಬಳ್ಳಾಪುರದ ಸಭಾಪಾಲಕರು, ಅವರ ಜೊತೆ ವ್ಯಾನಿನಲ್ಲಿ ಬಂದ ಸಭೆಯ ಏಳೆಂಟು ಮಂದಿ, ಗೌರಿಬಿದನೂರಿನಿಂದ ಬಂದ ನನ್ನ ತಂಗಿ, ಮತ್ತೆ ನಾನು. ಊರಿನವರೂ ಬಂದಿದ್ದರು, ಆದರೆ ಬೀದಿಯ ಆಚೆ ಬದಿಯಲ್ಲೇ ನಿಂತರು. ತಮ್ಮ ಮಕ್ಕಳಿಗೆಲ್ಲ ಅಕ್ಷರ ಕಲಿಸಿದ ಮೇಷ್ಟ್ರು ಪೆಟ್ಟಿಗೆಯಲ್ಲಿ ಹೊರಗೆ ಬಂದಾಗ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಒಬ್ಬರೂ ನಮ್ಮ ಹೊಸ್ತಿಲ ಕಡೆ ಬರಲಿಲ್ಲ.

ನಾವು ಕ್ರೈಸ್ತರೆಂದು ಹಾಗೆ ಮಾಡಿದರೆಂದು ತಿಳಿಯಬೇಡಿ. ನಮ್ಮದು ಶಿಡ್ಲಘಟ್ಟದ ಮಗ್ಗುಲ ಹಳ್ಳಿ. ನಮ್ಮ ಬೀದಿಯಲ್ಲಿ ರೇಷ್ಮೆಹುಳು ಸಾಕದ ಮನೆ ನಮ್ಮದೊಂದೇ. ಹುಳು ಮೇವು ಬಿಟ್ಟು, ತಲೆಯೆತ್ತಿ ಅಲುಗದೆ ನಿಂತು ಪೊರೆ ಕಳಚುವುದಕ್ಕೆ ಇಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯ ಜ್ವರ ಕೊನೆಯದು. ಅದರಿಂದ ಎದ್ದ ಹುಳು ಏಳೆಂಟು ದಿನ ಒಂದೇ ಸಮನೆ ಸೊಪ್ಪು ತಿಂದು ಗೂಡು ಕಟ್ಟುತ್ತದೆ. ಆ ದಿನಗಳಲ್ಲಿ ಸಾವಿನ ಮನೆ ಮೆಟ್ಟಿದವರು ಹುಳುಮನೆಗೆ ಕಾಲಿಟ್ಟರೆ ಬೆಳೆ ಕೈಬಿಡುತ್ತದೆಂದು ಹಿರಿಯರ ನಂಬಿಕೆ. ಅಜ್ಜಿಯ ಬಾಯಲ್ಲಿ ನಾನೂ ಅದನ್ನು ಕೇಳಿಯೇ ಬೆಳೆದವಳು. ನಮ್ಮವರು ತೀರಿಕೊಂಡಾಗ ಬೀದಿಯ ಅಷ್ಟೂ ಮನೆಗಳಲ್ಲಿ ಹುಳು ಆಗತಾನೇ ಕೊನೆಯ ಜ್ವರದಿಂದ ಎದ್ದಿದ್ದವು. ಹಾಗಿರುವಾಗ ಯಾರನ್ನು ದೂರಲಿ?

ವ್ಯಾನ್ ಹತ್ತುವಾಗ ಸಭೆಯವರು, "ಕರ್ತನು ನಿಮ್ಮ ಜೊತೆ ಇದ್ದಾನೆ ಅಮ್ಮ" ಎಂದು ಹೇಳಿ ಹೋದರು. ಮಾರನೆಯ ದಿನ ತಂಗಿಯೂ ಹೊರಟಳು. ನಮಗೆ ಮಕ್ಕಳಿಲ್ಲ. ಸಂಜೆ ಆರಕ್ಕೆ ನಾವಿಬ್ಬರೂ ಕೂತು ಒಂದು ಕೀರ್ತನೆ ಹಾಡಿ ಪ್ರಾರ್ಥನೆ ಮಾಡುವ ರೂಢಿಯಿತ್ತು. ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಅವರೇ ಶುರು ಮಾಡುತ್ತಿದ್ದರು. ಆ ಸಂಜೆ ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. "ಕರ್ತನೇ, ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂತ್ಕೋ" ಎಂದೆ. ಕುರ್ಚಿ ಖಾಲಿಯಾಗಿಯೇ ಇತ್ತು. ದೀಪವನ್ನೂ ಹಾಕದೆ ಕೂತೆ.

ಮೂರನೆಯ ದಿನ ಮಧ್ಯಾಹ್ನ ಹಿತ್ತಲ ಬಾಗಿಲು ತಳ್ಳಿಕೊಂಡು ಪಕ್ಕದ ಮನೆಯ ಗೆಳತಿ ಒಳಗೆ ಬಂದಳು. ನನಗಿಂತ ಐದಾರು ವರ್ಷ ಚಿಕ್ಕವಳು. ಸೆರಗಿನ ತುಂಬ ಸೊಪ್ಪಿನ ಕಲೆ, ಕೈಯಲ್ಲಿ ಒಂದು ಪಾತ್ರೆ.

"ಏನಕ್ಕಾ, ಒಲೆ ಹಚ್ಚೇ ಇಲ್ವಾ?"

"ನೀನ್ಯಾಕೆ ಬಂದೆ? ಹುಳು?"

"ಹುಳು ತಿಂತಾ ಇದಾವೆ. ತಿನ್ನದೇ ಇರೋಳು ನೀನೊಬ್ಬಳೇ. ಎದ್ದೇಳು, ಬಸ್ಸಾರು ತಂದಿದೀನಿ."

ನಾನು ಉಣ್ಣುವವರೆಗೂ ಎದುರಿಗೆ ಕೂತಳು. ದೇವರ ಚಿತ್ತವೆಂದಾಗಲಿ, ಧೈರ್ಯ ತಂದುಕೋ ಎಂದಾಗಲಿ ಅವಳ ಬಾಯಲ್ಲಿ ಬರಲಿಲ್ಲ. ಎಂಜಲು ತಟ್ಟೆ ತೊಳೆದಿಟ್ಟು ಹೋದಳು. ಸಂಜೆ ಮತ್ತೆ ಬಂದಳು, ತಲೆ ಒದ್ದೆಯಾಗಿತ್ತು. ಎಣ್ಣೆ ನೀರು ಹಾಕಿಕೊಂಡಿರಬೇಕು ಎಂದುಕೊಂಡೆ. ಮರುದಿನ ಸಂಜೆಯೂ ತಲೆ ಒದ್ದೆ. ಅದರ ಮರುದಿನವೂ ಹಾಗೆಯೇ. ಅವತ್ತು ಸಾಲಾಗಿ ನಾಲ್ಕು ಸಲ ಸೀನಿದಾಗ ಕೈ ಹಿಡಿದು ಕೂರಿಸಿ ಕೇಳಿದೆ.

ನಮ್ಮ ಮನೆಯಿಂದ ಹೊರಟವಳು ನೇರ ತೋಟದ ಬೋರ್‌ವೆಲ್ ತೊಟ್ಟಿಗೆ ಹೋಗಿ ತಲೆಗೆ ನೀರು ಸುರಿದುಕೊಂಡು, ಅಲ್ಲೇ ಬಚ್ಚಿಟ್ಟ ಬೇರೆ ಸೀರೆ ಉಟ್ಟು ಹುಳುಮನೆಗೆ ಹೋಗುತ್ತಿದ್ದಳಂತೆ. ದಿನಕ್ಕೆ ಎರಡು ಸಲ, ಅದೂ ಡಿಸೆಂಬರಿನ ಚಳಿಯಲ್ಲಿ.

"ನಿನಗೇನು ತಲೆ ಕೆಟ್ಟಿದೆಯೇನೇ?"

"ಕೆಟ್ಟಿಲ್ಲಕ್ಕಾ, ನೆಂದಿದೆ ಅಷ್ಟೆ."

"ಬೆಳೆ ಹೋದ್ರೆ ನಿಮ್ಮತ್ತೆ ನಿನ್ನ ಸುಮ್ನೆ ಬಿಡ್ತಾರಾ?"

"ಅತ್ತೆ ಯಾವತ್ತು ಸುಮ್ನೆ ಬಿಟ್ಟವ್ರೆ? ಮದುವೆಯಾಗಿ ಬಂದಾಗಿಂದ ಬೈತಾನೇ ಇದಾರೆ. ನಿನ್ನ ಹತ್ರ ಬೇರೆ ಯಾರು ಬರ್ತಾರೆ ಹೇಳು?"

"ನನಗೆ ದೇವರಿದಾನೆ ಕಣೇ."

"ಇರ್ಲಿ ಬಿಡು, ಬೇಡ ಅಂದೋರ್ಯಾರು? ಅವನು ಬಂದು ಸಾರು ಬಿಸಿ ಮಾಡ್ಕೊಡ್ತಾನಾ?"

ನಮ್ಮವರು ತೀರಿಕೊಂಡ ಮೇಲೆ ಮೊದಲ ಸಲ ನಕ್ಕೆ. ಅವಳು ಹೋದಮೇಲೆ ನಗುವೆಲ್ಲ ಭಯವಾಯಿತು. ವರ್ಷಕ್ಕೆ ನಾಲ್ಕೈದು ಬೆಳೆಯ ಮೇಲೆ ನಿಂತ ಸಂಸಾರ ಅವರದು. ನನ್ನಿಂದ ಅದು ಕೆಡಬಾರದು. ಮರುದಿನ ಹಿತ್ತಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದೆ.

ಮಧ್ಯಾಹ್ನ ಬಾಗಿಲು ಬಡಿದಳು. ಉಸಿರು ಬಿಗಿಹಿಡಿದು ಕೂತೆ. ಬಡಿತ ನಿಂತಿತು. ನಮ್ಮವರು ತೀರಿಹೋದ ಗಳಿಗೆಯಲ್ಲೂ ಅಷ್ಟು ಒಂಟಿಯೆನಿಸಿರಲಿಲ್ಲ. ಆಮೇಲೆ ಹೊರಗಿನಿಂದಲೇ ಮಾತು ಕೇಳಿಸಿತು.

"ಒಳಗಿದೀಯ ಅಂತ ಗೊತ್ತು ಅಕ್ಕಾ. ತೆಗೀದೇ ಇದ್ರೆ ಇಲ್ಲೇ ಮೆಟ್ಟಿಲ ಮೇಲೆ ಕೂತ್ಕೊಳ್ತೀನಿ. ಅತ್ತೆ ನೋಡಿದ್ರೆ ನೋಡ್ಲಿ."

ಚಿಲಕ ತೆಗೆದೆ. ಆ ಸಂಜೆ ಮತ್ತೆ ಬಂದವಳು ಗಡಿಯಾರ ನೋಡಿ, "ಹಾಡಕ್ಕಾ" ಎಂದಳು. "ನಿಮ್ಮನೆ ಹಾಡು ಕೇಳಿದ್ಮೇಲೇನೇ ನಾನು ಸಂಜೆ ಸೊಪ್ಪು ಹಾಕೋದು. ಒಂದು ವಾರದಿಂದ ಹೊತ್ತೇ ತಿಳೀತಿಲ್ಲ." ಆಗುವುದಿಲ್ಲ ಎಂದೆ. ಅವಳೇ ರಾಗ ಎತ್ತಿದಳು. ಇಪ್ಪತ್ತು ವರ್ಷ ಗೋಡೆಯಾಚೆಯಿಂದ ಕೇಳಿಸಿಕೊಂಡ ರಾಗ. ಪದ ಗೊತ್ತಿಲ್ಲದ ಕಡೆ ತನ್ನ ತವರಿನ ತೆಲುಗನ್ನು ಸೇರಿಸಿದಳು. ಎರಡನೆಯ ಚರಣಕ್ಕೆ ನನ್ನ ದನಿಯೂ ಬಂತು. ಕರ್ತನು ಜೊತೆಗಿದ್ದಾನೆಂದು ಹೇಳಿಹೋದವರು ಸುಳ್ಳು ಹೇಳಿರಲಿಲ್ಲ. ಹಣೆಗೆ ಕುಂಕುಮವಿಟ್ಟುಕೊಂಡು, ಸೀನುತ್ತಾ, ಹಿತ್ತಲ ಬಾಗಿಲಿನಿಂದ ಬರುತ್ತಾನೆಂದು ಮಾತ್ರ ಯಾರೂ ಹೇಳಿರಲಿಲ್ಲ.

ಗೋಡೆಯಾಚೆ ಅವಳ ಅತ್ತೆಗೆ ಕಿವಿ ಚುರುಕು. ಎರಡು ದನಿ ಕೇಳಿ ಹಿತ್ತಲಿಗೆ ಬಂದು ನಿಂತರು.

"ಏಮಮ್ಮಾ ಸೊಸೆ! ಹುಳು ಹಸ್ಕೊಂಡು ಕೂತವೆ, ನೀನಿಲ್ಲಿ ಭಜನೆ ಮಾಡ್ತಾ ಇದೀಯಾ? ಸಾವಿನ ಮನೇಲಿ? ಇವತ್ತಿಂದ ಹುಳುಮನೆ ಬಾಗಿಲು ತುಳೀಬೇಡ ನೀನು!"

ಬೆಳೆಗೆ ಅವಳ ಕೈ ಅತಿ ಹೆಚ್ಚು ಬೇಕಿದ್ದ ದಿನಗಳಲ್ಲೇ ಅವಳನ್ನು ಹೊರಗಿಟ್ಟರು. ತೋಟದಲ್ಲಿ ಸೊಪ್ಪು ಕೊಯ್ದು ಬಾಗಿಲ ಬಳಿ ಇಳಿಸಿ ಬರುವುದಷ್ಟೇ ಅವಳ ಪಾಲಿನ ಕೆಲಸ. ಆ ದಿನಗಳಲ್ಲಿ ನಾನು ಬೆಳಿಗ್ಗೆ ಸಂಜೆ ಮೊಣಕಾಲೂರಿದೆ. ಗಂಡನ ಉಸಿರಿಗಾಗಿ ಬೇಡಿ ಬರಿಗೈಯಲ್ಲಿ ಎದ್ದವಳಿಗೆ ಹುಳುಗಳಿಗಾಗಿ ಬೇಡಲು ನಾಚಿಕೆಯಾಗುತ್ತಿತ್ತು. ಆದರೂ ಬೇಡಿದೆ.

ಹುಳು ಪೂರ್ತಿ ಉಳಿಯಲಿಲ್ಲ. ಒಂದು ಮೂಲೆಯವು ಊದಿಕೊಂಡು ಹಾಲಿನಂಥ ನೀರು ಸೋರಿ ಸತ್ತವು. ಮುಕ್ಕಾಲು ಪಾಲು ಗೂಡು ಕಟ್ಟಿದವು. ಆ ವಾರ ಮಂಜು ಹೆಚ್ಚಿತ್ತು, ನಮ್ಮ ಹೊಸ್ತಿಲು ತುಳಿಯದ ಇನ್ನೆರಡು ಮನೆಗಳಲ್ಲೂ ಹಾಗೇ ಆಗಿತ್ತು. ಅತ್ತೆ ಅದನ್ನೆಲ್ಲ ಕೇಳುವವರೇ? ಬೀದಿಯ ತುಂಬ ಸೊಸೆಯ ಹೆಸರು ಹೇಳಿಕೊಂಡು ತಿರುಗಿದರು. ಅವಳು ಮಾತ್ರ ಅದೇ ಹೊತ್ತಿಗೆ ಬಂದಳು, ಈಗ ತಲೆ ಒಣಗಿತ್ತು.

"ನನ್ನಿಂದ ನಿನಗೆ ಎಂಥಾ ಕಷ್ಟ ಬಂತಲ್ಲೇ" ಎಂದೆ.

"ಆ ಹುಳು ಗೂಡು ಕಟ್ಕೊಂಡು ಹೋಗೋವು ಅಕ್ಕಾ. ನೀನು ಇಲ್ಲೇ ಇರೋಳು" ಎಂದು ಕಾಫಿಗೆ ನೀರಿಟ್ಟಳು.

ಅವಳು ಎದ್ದು ಹೋದ ಮೇಲೆ ಮನೆ ಮತ್ತೆ ಮೊದಲಿನಷ್ಟೇ ಖಾಲಿಯಾಗುತ್ತಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಮಾರ್ಚಿನಲ್ಲಿ ಅವರ ಮುಂದಿನ ಬೆಳೆ ಹಣ್ಣಾಯಿತು. ಹಣ್ಣಾದ, ಅಂದರೆ ನೂಲು ಬಿಡಲು ಸಿದ್ಧವಾದ ಹುಳುಗಳನ್ನು ಅವತ್ತೇ ಆಯ್ದು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು, ತಡವಾದರೆ ನೂಲು ಹಾಳು. ಬೆಳಿಗ್ಗೆ ಅವಳ ಅತ್ತೆ ನಮ್ಮ ಮುಂಬಾಗಿಲಿಗೆ ಬಂದು, ಕಂಬ ಹಿಡಿದು ನಿಂತರು.

"ಮೇಷ್ಟ್ರಮ್ಮ, ಆಳುಗಳು ಚಿಂತಾಮಣಿ ಕಡೆ ಮದುವೆಗೆ ಹೋಗವ್ರೆ. ಕೈ ಸಾಲದು. ಕಾಲು ತೊಳ್ಕೊಂಡು ಬಾ."

ಕಾಲು ತೊಳೆದುಕೊಂಡು ಹೋದೆ. ಹೊತ್ತು ಮುಳುಗುವವರೆಗೂ ಅತ್ತೆ, ಸೊಸೆ, ನಾನು ಮೂವರೂ ಹುಳುಮನೆಯಲ್ಲಿ ಕೂತು ಹುಳು ಆಯ್ದೆವು.