ಅಧ್ಯಕ್ಷೆಯ ಸೈಕಲ್ ಠರಾವು

ಸಭೆ ಎಂದರೆ ನನಗೆ ಮೊದಲಿನಿಂದಲೂ ಪ್ರಾಣ. ಶಿರಸಿಯ ನಮ್ಮ ಸೇವಾ ಸಂಘಕ್ಕೆ ನಾನು ಕಾರ್ಯದರ್ಶಿಯಾದದ್ದು ಸೇವೆಯ ಹುಚ್ಚಿನಿಂದ ಎಂದು ಮನೆಯಲ್ಲಿ ಹೇಳಿದ್ದೆ. ನಿಜವಾಗಿ ನನ್ನನ್ನು ಎಳೆದದ್ದು ಶನಿವಾರ ಸಂಜೆಯ ಅವಲಕ್ಕಿ, ಚಹಾ, ಮತ್ತು ಯಾರೂ ಎದ್ದುಹೋಗದೆ ನನ್ನ ಮಾತು ಕೇಳುತ್ತಾರೆಂಬ ಸುಖ. ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕಾರು ವರ್ಷ ಕಳೆದಿದ್ದರೂ ನಮ್ಮ ನಾಲಿಗೆ ಮಾತ್ರ ಮುಂಬಯಿ ಸರಕಾರದಲ್ಲೇ ಉಳಿದಿತ್ತು. ನಿರ್ಣಯ ಎನ್ನಲು ಬಾರದು, ಠರಾವು ಎಂದರೇ ಅದಕ್ಕೊಂದು ಗತ್ತು.

ಒಂದು ಶನಿವಾರ ಅಧ್ಯಕ್ಷರಾದ ವಕೀಲ ರಾಮರಾಯರಿಗೆ ಯುವಜನರನ್ನು ನಾಯಕರನ್ನಾಗಿ ಮಾಡುವ ಉತ್ಸಾಹ ಹತ್ತಿತು. ಹೈಸ್ಕೂಲಿನ ಒಬ್ಬರನ್ನು ಕರೆಸಿ ಒಂದು ದಿನದ ಮಟ್ಟಿಗೆ ಅಧ್ಯಕ್ಷರ ಕುರ್ಚಿಯಲ್ಲಿ ಕೂರಿಸುವುದೆಂದಾಯಿತು. ಭೈರುಂಬೆ ಕಡೆಯ ಸರೋಜಾ ಬಂದಳು. ಹಾರ ಹಾಕಿದೆವು, ಚಪ್ಪಾಳೆ ತಟ್ಟಿದೆವು. ಇನ್ನು ಅವಳು ವಂದನೆ ಹೇಳಿ ಅವಲಕ್ಕಿ ತಿಂದು ಹೋಗುತ್ತಾಳೆಂದು ನಾವು ಆರಾಮಾಗಿ ಒರಗಿದೆವು.

"ಆನು ಇವತ್ತು ಅಧ್ಯಕ್ಷೆ ಅಲ್ದಾ? ಹಾಂಗಾರೆ ಒಂದು ಠರಾವು ಮಂಡಿಸ್ತೆ" ಎಂದಳು ಹುಡುಗಿ. "ಎಂಗ ಮೂರು ಜನ ಹುಡ್ಗೀರು ದಿನಾ ನಡ್ಕಂಡು ಬತ್ಯ. ಮನೆ ಮುಟ್ಟಕಾರೆ ಕತ್ಲಾಗ್ತು. ಮುಂದಿನ ತಿಂಗ್ಳಿಂದ ಶಾಲೆ ಬಿಡಿಸ್ತೆ ಹೇಳಿ ಅಪ್ಪಯ್ಯ ಹೇಳಿದ್ದ. ಮೂರೂ ಮನೇಲಿ ಸೈಕಲ್ ಇದ್ದು, ಕಲ್ಸೋರು ಯಾರೂ ಇಲ್ಲೆ. ನಿಂಗ ಕಲ್ಸಿಕೊಡಿ."

ಒರಗಿದ್ದವರೆಲ್ಲ ನೆಟ್ಟಗೆ ಕೂತೆವು. ಆ ಕಾಲಕ್ಕೆ ನಮ್ಮೂರ ರಸ್ತೆಯಲ್ಲಿ ಹುಡುಗಿಯೊಬ್ಬಳು ಸೈಕಲ್ ಹೊಡೆದದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ. ರಾಮರಾಯರು ಕೆಮ್ಮಿ, "ಇದಕ್ಕೊಂದು ಉಪಸಮಿತಿ ಮಾಡೋಣ" ಎಂದರು.

"ಉಪಸಮಿತಿ ಎಂತಕ್ಕೆ? ಸೀಟು ಹಿಡಿಯಲೆ ಒಬ್ರು ಸಾಕು."

ಬನವಾಸಿ ಕಡೆಯ ವ್ಯಾಪಾರಿ ಶಿವಪ್ಪನವರು ಮೇಜು ಗುದ್ದಿ ನಕ್ಕರು. "ಭಲೇ ತಂಗಿ! ಬರ್ರಿ ರಾಯರ, ಆಯಿತವಾರ ಮುಂಜಾನೆ ಮೈದಾನಕ್ಕ ಹೋಗೂಣು." ಠರಾವು ಪಾಸಾಯಿತು. ಅಧ್ಯಕ್ಷೆಯ ಸೀಟು ಹಿಡಿಯುವ ಹೊಣೆ ಕಾರ್ಯದರ್ಶಿಯ ಮೇಲೆ ಬಿತ್ತು.

ಇಲ್ಲಿ ಒಂದು ಗುಟ್ಟು ಹೇಳಬೇಕು. ನನ್ನ ಬಳಿ ಸೈಕಲ್ ಇತ್ತು, ಬಿಡಲು ಬರುತ್ತಿರಲಿಲ್ಲ. ಮರ್ಯಾದೆಗೆಂದು ದಿನಾ ಅದನ್ನು ತಳ್ಳಿಕೊಂಡು ಓಡಾಡುತ್ತಿದ್ದೆ.

ರವಿವಾರ ಮೈದಾನದಲ್ಲಿ ಅರ್ಧ ಶಿರಸಿ ನೆರೆದಿತ್ತು. ಸರೋಜಾ ಪೆಡಲು ತುಳಿದಳು, ನಾನು ಧೋತರ ಎತ್ತಿಕಟ್ಟಿ ಹಿಂದೆ ಓಡಿದೆ. "ಎಡಕ್ಕೆ! ಅಲ್ಲ, ಬಲಕ್ಕೆ!" ಎಂದು ಕೂಗಿದೆ. ಇಬ್ಬರೂ ಲಂಟಾನದ ಪೊದೆಗೆ ಬಿದ್ದೆವು. ಎರಡನೆಯ ಸಲವೂ ಅದೇ ಪೊದೆ.

"ನಿಂಗಕ್ಕೆ ಸೈಕಲ್ ಬತ್ತಿಲ್ಯಾ?" ಎಂದಳು, ಜಡೆಯಿಂದ ಎಲೆ ಕೀಳುತ್ತ.

ನಾನು ಧೋತರಕ್ಕೆ ಹತ್ತಿದ ಮುಳ್ಳು ಬಿಡಿಸುತ್ತಿರುವಾಗ ಜನರ ನಡುವಿನಿಂದ ಅವಳ ಅಪ್ಪ ಗಣಪಯ್ಯ ಬಂದರು. ಮುಖ ಬಿಗಿದಿತ್ತು. ಮಗಳನ್ನು ಕರೆದುಕೊಂಡು ಹೊರಟೇಬಿಡುತ್ತಾರೆ ಎಂದುಕೊಂಡೆ. ಅವರು ಹೆಗಲ ಮೇಲಿನ ಪಂಚೆ ಸೊಂಟಕ್ಕೆ ಬಿಗಿದು, ನನ್ನನ್ನು ಮೆಲ್ಲಗೆ ಸರಿಸಿ, ತಾವೇ ಸೀಟು ಹಿಡಿದರು.

"ಗಾಲಿ ನೋಡಡ ಕೂಸೇ, ಮುಂದೆ ನೋಡು. ಆನು ಹಿಡ್ಕಂಡಿದ್ದಿ."

ಒಂದು ಸುತ್ತು ಓಡಿದರು. ಎರಡನೆಯ ಸುತ್ತಿನಲ್ಲಿ ಅವರು ಏದುಸಿರು ಬಿಡುತ್ತ ನನ್ನ ಪಕ್ಕದಲ್ಲೇ ನಿಂತಿದ್ದರು, ಸರೋಜಾ ಮೈದಾನದ ಆಚೆ ತುದಿಯಲ್ಲಿ ತಿರುಗುತ್ತಿದ್ದಳು. ಶಿವಪ್ಪನವರು ಟೊಪ್ಪಿಗೆ ಗಾಳಿಗೆ ಎಸೆದರು. ರಾಮರಾಯರು ಕುಣಿದರೆಂದು ನಾನು ಹೇಳಿದರೆ ಅವರು ಈಗಲೂ ಒಪ್ಪುವುದಿಲ್ಲ. ಗಣಪಯ್ಯ ಮಾತ್ರ ಪಂಚೆಯಿಂದ ಮತ್ತೆ ಮತ್ತೆ ಮುಖ ಒರೆಸಿಕೊಳ್ಳುತ್ತಿದ್ದರು, ಬೆವರು ಎಂದು ನಾವೂ ನಂಬಿದೆವು.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಸೈಕಲ್ ತಳ್ಳುವ ಸೋಗು ಬಿಟ್ಟು ಇಳಿಜಾರಿನಲ್ಲಿ ನಡೆದು ಹೋಗುತ್ತಿದ್ದೆ. ಹಿಂದಿನಿಂದ ಒಟ್ಟಿಗೆ ಮೂರು ಸೈಕಲ್ಲಿನ ಗಂಟೆ ಕೇಳಿದವು. "ಕಾರ್ಯದರ್ಶಿಗಳೇ, ಬದಿಗೆ ಹೋಗಿ, ಬ್ರೇಕ್ ಹಿಡೀತಿಲ್ಲೆ!" ನಾನು ಗಟಾರಕ್ಕೆ ಹಾರಿದೆ. ಸರೋಜಾಳದೂ ಅವಳ ಇಬ್ಬರು ಗೆಳತಿಯರದೂ ಮೂರು ಜಡೆಗಳು ಗಾಳಿಯಲ್ಲಿ ಹಾರುತ್ತ ಶಾಲೆಯ ಕಡೆ ಮಾಯವಾದವು. ಎಳೆಯರಿಗೆ ದಾರಿ ತೋರಿಸಬೇಕೆಂದು ಎಷ್ಟು ಭಾಷಣ ಮಾಡಿದ್ದೆವೋ! ಮೊಣಕಾಲುದ್ದ ರಾಡಿಯಲ್ಲಿ ನಿಂತಾಗ, ದಾರಿ ಬಿಡುವುದೂ ಒಂದು ಸೇವೆಯೇ ಇರಬೇಕು ಅನ್ನಿಸಿತು. ಧೋತರ ಹಿಂಡುತ್ತ ನಾನೊಬ್ಬನೇ ಗಟ್ಟಿಯಾಗಿ ನಕ್ಕೆ.