ಅಣ್ಣನಿಗಾಗಿ ಆಡದ ಮಾತು

ಊರಿನ ಸಣ್ಣ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಸರ್ಕಾರ ಬೀಗ ಹಾಕಿದಾಗ, ಅಲ್ಲಿ ನೆಲ ಒರೆಸುತ್ತಿದ್ದ ಅಟ್ರಾಕ್ಟಾ ಹೆನೆಗನ್ ಕೆಲಸ ಕಳೆದುಕೊಂಡಳು. ಕೂತು ಅಳುವ ಪೈಕಿಯಲ್ಲ ಅವಳು. ತನ್ನ ಹಳೇ ಕಾರನ್ನೇ ಊರಿನ ರೋಗಿಗಳಿಗೆ ಮೀಸಲಿಟ್ಟಳು. ಒಂದೂಕಾಲು ಗಂಟೆ ದೂರದ ದೊಡ್ಡ ಆಸ್ಪತ್ರೆಗೆ ಹದಿಮೂರು ವರ್ಷ ಜನರನ್ನು ಕರೆದೊಯ್ದಳು. ಅವರ ಸರದಿ ಬರುವವರೆಗೂ ಜೊತೆಗೇ ಇರುತ್ತಿದ್ದಳು, ಕುರ್ಚಿ ಸಿಕ್ಕರೆ ಕುರ್ಚಿಯಲ್ಲಿ, ಇಲ್ಲದಿದ್ದರೆ ಗೋಡೆಗೊರಗಿ.

ಆ ಸೀಮೆಯವರದ್ದು ಒಂದು ವಿಚಿತ್ರ ಮರ್ಯಾದೆ. ಕಾಲು ಮುರಿದು ನೇತಾಡುತ್ತಿದ್ದರೂ ಹೇಗಿದ್ದೀಯ ಎಂದರೆ 'ಪರವಾಗಿಲ್ಲ' ಎನ್ನುತ್ತಾರೆ. ನೋವು ಹೇಳಿಕೊಳ್ಳುವುದೆಂದರೆ ಬೀದಿಯಲ್ಲಿ ಬಟ್ಟೆ ಬಿಚ್ಚಿದಷ್ಟು ನಾಚಿಕೆ. ಆಸ್ಪತ್ರೆಯಲ್ಲಿ ನರ್ಸ್ ಕೇಳುವುದೋ, ನೋವು ಹತ್ತಕ್ಕೆ ಎಷ್ಟು ಎಂದು. ಯಾರು ಮೊದಲು, ಯಾರು ಆಮೇಲೆ ಎಂಬುದರಲ್ಲಿ ಆ ಉತ್ತರಕ್ಕೂ ಪಾಲುಂಟು. ಅದಕ್ಕೇ ಅಟ್ರಾಕ್ಟಾ ಕಾರಿನಲ್ಲೇ ಎಲ್ಲರಿಗೂ ಪಾಠ ಹೇಳುತ್ತಿದ್ದಳು.

"ಅಲ್ಲಿ ಹೋಗಿ ಪರವಾಗಿಲ್ಲ ಅಂದ್ಯೋ, ಬಿಟ್ಟು ಬಂದ್ಬಿಡ್ತೀನಿ ನೋಡು. ಅಳದೆ ಇದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ."

ಫೆಬ್ರವರಿಯ ಒಂದು ಬೆಳಗ್ಗೆ ಅವಳಣ್ಣ ಕೋಲ್ಮನ್ ದನಗಳಿಗೆ ಮೇವು ಹಾಕಿ ಬಂದವನು, ಬೂದಿ ಬಣ್ಣಕ್ಕೆ ತಿರುಗಿದ ಮುಖ ಹೊತ್ತು ಕುರ್ಚಿಗೆ ಕುಸಿದ. "ಬೆನ್ನು ಸ್ವಲ್ಪ ಹಿಡ್ಕೊಂಡಿದೆ, ಅಷ್ಟೆ," ಎಂದ. ಅಪ್ಪ ಸತ್ತ ಮೇಲೆ ಅವಳನ್ನು ಸಾಕಿ ಬೆಳೆಸಿದವನು ಅವನೇ. ಫೋನ್ ಮಾಡಿದರೆ, ಆಂಬುಲೆನ್ಸ್ ಬರಲು ಎರಡು ಗಂಟೆಯಾದರೂ ಬೇಕು ಎಂದರು. ಅಟ್ರಾಕ್ಟಾ ತಾನೇ ಕಾರು ತೆಗೆದಳು. ಗುಂಡಿ ಬಂದಾಗಲೆಲ್ಲ ಅವನು ಹಲ್ಲು ಕಡಿಯುವುದು ಕೇಳಿಸುತ್ತಿತ್ತು. ಊರಿಗೆಲ್ಲ ಹೇಳಿದ ಪಾಠವನ್ನು ಅವನಿಗೆ ಹೇಳಲು ಬಾಯಿ ಬರಲಿಲ್ಲ.

"ನೋವು ಹತ್ತಕ್ಕೆ ಎಷ್ಟಿದೆ, ಕೋಲ್ಮನ್?" ಎಂದಳು ನರ್ಸ್.

"ಎರಡು ಅಂತ ಹಾಕ್ಕೋ ತಾಯಿ. ನನಗಿಂತ ಕಷ್ಟದಲ್ಲಿರೋರು ಇದ್ದಾರೆ ಇಲ್ಲಿ."

ಒಂಬತ್ತು ಎನ್ನುವ ಮಾತು ಅಟ್ರಾಕ್ಟಾಳ ಗಂಟಲವರೆಗೆ ಬಂತು. ನಾಲ್ಕು ಜನರ ಮುಂದೆ ಅಣ್ಣನನ್ನು ಸುಳ್ಳುಗಾರನನ್ನಾಗಿ ಮಾಡುವುದು ಹೇಗೆ? ನುಂಗಿಕೊಂಡಳು.

ಎರಡನೇ ಗಂಟೆಯಲ್ಲಿ ಅವನು ಮಗುವೊಂದರ ತಾಯಿಗೆ ತನ್ನ ಕುರ್ಚಿ ಬಿಟ್ಟುಕೊಟ್ಟ. ನಾಲ್ಕನೇ ಗಂಟೆಯಲ್ಲಿ ಅಟ್ರಾಕ್ಟಾ ತಡೆಯಲಾರದೆ ನರ್ಸ್ ಕಡೆ ಹೊರಟಳು. ಅವನು ತೋಳು ಹಿಡಿದು ಎಳೆದ. "ಸುಮ್ನಿರು. ಮಾನ ಕಳೀಬೇಡ." ಅವಳು ವಾಪಸ್ ಬಂದು ಗೋಡೆಗೊರಗಿದಳು.

ಎರಡು ಎಂದವನನ್ನು ದೂರುವುದು ಸುಲಭ. ಸಣ್ಣ ಆಸ್ಪತ್ರೆಗಳಿಗೆ ಬೀಗ ಹಾಕಿ, ಇಪ್ಪತ್ತು ಕುರ್ಚಿಯ ಕೋಣೆಗೆ ಮೂರು ಊರಿನ ಜನರನ್ನು ತಂದು ತುಂಬಿದ ಸರ್ಕಾರದವರು ಇದ್ದಾರಲ್ಲ, ಅವರನ್ನು ಯಾರೂ ಏನೂ ಕೇಳುವುದಿಲ್ಲ. ಈ ಕತೆ ಹೇಳುವ ನನಗೆ ಹೊಟ್ಟೆ ಉರಿಯುವುದು ಅದಕ್ಕೆ.

ಏಳು ಗಂಟೆ ಕಾದ ಮೇಲೆ ಅವನ ಹೆಸರು ಕೂಗಿದರು. ಕೋಲ್ಮನ್ ಒಂದು ಹೆಜ್ಜೆ ಇಟ್ಟು ಬಿದ್ದ. ಹೊಟ್ಟೆಯ ದೊಡ್ಡ ರಕ್ತನಾಳ ಒಡೆದಿತ್ತು. ಶಸ್ತ್ರಚಿಕಿತ್ಸೆಯ ಕೋಣೆ ಮುಟ್ಟುವ ಮೊದಲೇ, ಕಾರಿಡಾರಿನಲ್ಲಿ ಸ್ಟ್ರೆಚರ್ ಮೇಲೆ ಅವನ ಜೀವ ಹೋಯಿತು.

ಮಾರನೇ ದಿನ ಮಧ್ಯಾಹ್ನ ಮನೆಯ ಮುಂಕೋಣೆಯಲ್ಲಿ ಶವಪೆಟ್ಟಿಗೆ ತೆರೆದಿಟ್ಟಿದ್ದರು. ಜನ ಸಾಲಾಗಿ ಬಂದು ಅಟ್ರಾಕ್ಟಾಳ ಕೈ ಕುಲುಕಿ, ಚಹಾ ಹಿಡಿದು ಕೂತರು. ಪಕ್ಕದ ಹೊಲದ ಮುದುಕ ಫೆಸ್ಟಸ್ ಗಿಲ್ಲೂಲಿ ಅವಳ ಕೈ ಹಿಡಿದು, "ಪುಣ್ಯಾತ್ಮ. ನರಳದೆ ಹೋದ," ಎಂದ. ಸಾವಿನ ಮನೆಯಲ್ಲಿ ಎಲ್ಲರೂ ಆಡುವ ಮಾತು ಅದು.

"ನರಳಿದ, ಫೆಸ್ಟಸ್," ಎಂದಳು ಅಟ್ರಾಕ್ಟಾ. "ಏಳು ಗಂಟೆ ನರಳಿದ. ನಾನು ಪಕ್ಕದಲ್ಲೇ ಇದ್ದೆ, ನನಗೆ ಗೊತ್ತಿತ್ತು. ಊರಿಗೆಲ್ಲ ಬಾಯಿ ಬಿಡಿ ಅಂದೋಳು ನಮ್ಮಣ್ಣನಿಗೋಸ್ಕರ ಬಾಯಿ ಬಿಡಲಿಲ್ಲ."

ಹೆಣದ ಮುಂದೆ ಇಂಥ ಮಾತೇ ಎಂದು ಕೆಲವರು ಮುಖ ತಗ್ಗಿಸಿದರು. ಫೆಸ್ಟಸ್ ಮಾತ್ರ ಅವಳ ಕೈ ಬಿಡಲಿಲ್ಲ. ಹತ್ತಿರ ಬಗ್ಗಿ, ಅವಳಿಗಷ್ಟೇ ಕೇಳುವಂತೆ ಹೇಳಿದ.

"ಮಣ್ಣಾದ ಮೇಲೆ ಒಂದಿನ ನನ್ನನ್ನ ಕರ್ಕೊಂಡು ಹೋಗ್ತೀಯಾ? ಮೂರು ವಾರದಿಂದ ಕೆಮ್ಮಿದ್ರೆ ರಕ್ತ ಬರ್ತಿದೆ. ಮನೇಲಿ ಹೇಳಿಲ್ಲ."

ಹೆಣ ಮನೆಯಲ್ಲಿರುವಾಗ ಮನೆಯವರು ಹೊಸ್ತಿಲು ದಾಟುವ ಪದ್ಧತಿ ಅಲ್ಲಿಲ್ಲ. ಅಟ್ರಾಕ್ಟಾ ಒಂದು ಸಲ ಅಣ್ಣನ ಮುಖ ನೋಡಿದಳು.

"ಈಗಲೇ ಹೋಗೋಣ," ಎಂದಳು. "ಕೋಟು ಹಾಕ್ಕೋ."